ಒಂದೇ ಮನಸ್ಸು, ಹಲವು ನೋಟ: ಮನೋವಿಜ್ಞಾನದ ಪಂಥಗಳು ಹೇಳುವುದೇನು?

ವರ್ಷವಿಡೀ ಚೆನ್ನಾಗಿ ಓದಿದ ವಿದ್ಯಾರ್ಥಿನಿಯೊಬ್ಬಳು ದ್ವಿತೀಯ ಪಿಯುಸಿ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಬೆವರತೊಡಗುತ್ತಾಳೆ. ಎದೆ ಹೊಡೆದುಕೊಳ್ಳುತ್ತದೆ. ಬಾಯಿಪಾಠವಾಗಿದ್ದ ಉತ್ತರವೂ ನೆನಪಿಗೆ ಬಾರದು. ‘ಓದಿದ್ದು ಸಾಲದು’ ಎನ್ನುತ್ತಾರೆ ತಂದೆ. ಅಜ್ಜಿ ದೃಷ್ಟಿ ತೆಗೆಯುತ್ತಾರೆ. ‘ಈ ವಯಸ್ಸೇ ಹಾಗೆ’ ಎಂದು ನೆರೆಯವರು ಸಮಾಧಾನ ಹೇಳುತ್ತಾರೆ.

ಇದೇ ಪ್ರಶ್ನೆಯನ್ನು ಮನೋವಿಜ್ಞಾನದ ಮುಂದಿಟ್ಟರೆ ಅಲ್ಲಿಯೂ ಒಂದೇ ಉತ್ತರ ದೊರೆಯುವುದಿಲ್ಲ. ಆದರೆ ಆ ಉತ್ತರಗಳ ನಡುವಿನ ವ್ಯತ್ಯಾಸವನ್ನು ಅರಿತರೆ, ನೆರವಿಗಾಗಿ ಯಾರ ಬಳಿ ಹೋಗಬೇಕೆಂಬುದು ತಿಳಿಯುತ್ತದೆ.

ಲೈಪ್‌ಜಿಗ್‌ನಿಂದ ಮೈಸೂರಿಗೆ

ತತ್ತ್ವಶಾಸ್ತ್ರದ ಭಾಗವಾಗಿದ್ದ ಮನಸ್ಸಿನ ಅಧ್ಯಯನಕ್ಕೆ ಪ್ರತ್ಯೇಕ ವಿಜ್ಞಾನದ ಸ್ಥಾನ ದೊರೆತದ್ದು 1879ರಲ್ಲಿ, ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದಾಗ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಕರ್ನಾಟಕಕ್ಕೂ ಈ ಶಾಸ್ತ್ರ ಹೊಸದಲ್ಲ. 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರೂ ಇವರೇ.

ಒಳಮನಸ್ಸು ಮತ್ತು ಹೊರವರ್ತನೆ

ಮನೋವಿಶ್ಲೇಷಣೆಯ ಪ್ರವರ್ತಕ, ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್. ಮನುಷ್ಯನ ನಡೆಯ ಬಹುಭಾಗ ಅವನಿಗೇ ಅರಿವಿಲ್ಲದ ಸುಪ್ತ ಮನಸ್ಸಿನಿಂದ ಹೊರಡುತ್ತದೆ, ಅದರ ಬೇರು ಬಾಲ್ಯದಲ್ಲಿದೆ ಎಂಬುದು ಈ ಪಂಥದ ವಾದ. ವಿದ್ಯಾರ್ಥಿನಿಯ ಭಯದ ಹಿಂದೆ ತಂದೆಯ ಕೋಪದ ಹಳೆಯ ನೆನಪೊಂದು ಅಡಗಿರಬಹುದೇ ಎಂದು ಅದು ಹುಡುಕುತ್ತದೆ. ಈ ವಾದದ ಹಲವು ಅಂಶಗಳನ್ನು ಪ್ರಯೋಗದಿಂದ ಪರೀಕ್ಷಿಸುವುದು ಕಷ್ಟವೆಂಬ ಟೀಕೆ ಇಂದಿಗೂ ಉಳಿದಿದೆ.

ಕಣ್ಣಿಗೆ ಕಾಣದ ಮನಸ್ಸನ್ನು ಬದಿಗಿಟ್ಟು, ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಬೇಕೆಂದು 1913ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಸಾರಿದರು. ಗಂಟೆಯಂಥ ಸಂಕೇತಕ್ಕೆ ಜೊಲ್ಲು ಸುರಿಸುವಂತೆ ನಾಯಿಗಳನ್ನು ಅಣಿಗೊಳಿಸಿದ ರಷ್ಯದ ಪಾವ್ಲೋವ್ ಅವರ ಪ್ರಯೋಗಗಳು ವರ್ತನಾವಾದಕ್ಕೆ ಬಲ ನೀಡಿದವು. ಪರೀಕ್ಷೆಯನ್ನು ತಪ್ಪಿಸಿಕೊಂಡಾಗ ದೊರೆಯುವ ಕ್ಷಣಿಕ ನೆಮ್ಮದಿಯೇ ತಪ್ಪಿಸಿಕೊಳ್ಳುವ ಚಟವನ್ನು ಬೆಳೆಸುತ್ತದೆ ಎಂದು ಈ ಪಂಥ ವಿವರಿಸುತ್ತದೆ. ಕಲಿತ ಭಯವನ್ನು ಮರೆಯಲೂ ಕಲಿಯಬಹುದು. ಅಣಕು ಪರೀಕ್ಷೆಗಳ ಮೂಲಕ ಹಂತಹಂತವಾಗಿ ಭಯವನ್ನು ಎದುರಿಸುವುದು ಇದರ ಪರಿಹಾರ.

ಬೆಲೆ, ಆಲೋಚನೆ ಮತ್ತು ದೇಹ

ಅಬ್ರಹಾಂ ಮಾಸ್ಲೊ ಮತ್ತು ಕಾರ್ಲ್ ರೋಜರ್ಸ್ ಪ್ರತಿಪಾದಿಸಿದ ಮಾನವತಾವಾದಿ ಮನೋವಿಜ್ಞಾನವು ವ್ಯಕ್ತಿಯ ಬೆಳೆಯುವ ಶಕ್ತಿಯಲ್ಲಿ ನಂಬಿಕೆಯಿಡುತ್ತದೆ. ‘ಅಂಕ ಬಂದರೆ ಮಾತ್ರ ನನಗೆ ಬೆಲೆ’ ಎಂದು ನಂಬಿದ ಮಗುವಿಗೆ ಷರತ್ತಿಲ್ಲದ ಸ್ವೀಕಾರವೇ ಮದ್ದು ಎನ್ನುತ್ತದೆ.

1960ರ ದಶಕದಲ್ಲಿ ಆರನ್ ಬೆಕ್ ಆಲೋಚನೆಯ ರೀತಿಯತ್ತ ಗಮನ ಸೆಳೆದರು. ‘ಒಂದು ಪ್ರಶ್ನೆ ತಪ್ಪಿದರೆ ಬಾಳೇ ಮುಗಿಯಿತು’ ಎಂಬ ಎಣಿಕೆಯೇ ಭಯವನ್ನು ಬೆಳೆಸುತ್ತದೆ. ಅದನ್ನು ಸಾಕ್ಷ್ಯದೊಂದಿಗೆ ಒರೆಗೆ ಹಚ್ಚಬೇಕು ಎಂಬುದು ಅರಿವಿನ ಪಂಥದ ನಿಲುವು. ಇದನ್ನೂ ವರ್ತನಾವಾದದ ವಿಧಾನಗಳನ್ನೂ ಬೆಸೆದ ಅರಿವು-ವರ್ತನಾ ಚಿಕಿತ್ಸೆ ಆತಂಕ ಮತ್ತು ಖಿನ್ನತೆಗೆ ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ.

ಜೈವಿಕ ದೃಷ್ಟಿಕೋನ ಮಿದುಳು, ನರಗಳು ಮತ್ತು ಹಾರ್ಮೋನುಗಳನ್ನು ನೋಡುತ್ತದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗಲೂ ಎದೆಬಡಿತ ಏರಿ ಬೆವರು ಬರುವುದರಿಂದ ದೈಹಿಕ ತಪಾಸಣೆಯನ್ನು ಕಡೆಗಣಿಸುವಂತಿಲ್ಲ. ಇನ್ನು ಸಾಮಾಜಿಕ-ಸಾಂಸ್ಕೃತಿಕ ದೃಷ್ಟಿಕೋನವು ವಿದ್ಯಾರ್ಥಿನಿಯನ್ನಷ್ಟೇ ಅಲ್ಲದೆ, ಸೀಟಿನ ಪೈಪೋಟಿಯನ್ನೂ ಬಂಧುಗಳ ಹೋಲಿಕೆಯ ಮಾತುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಶಾಖೆಗಳು ಹಲವು

ಪಂಥಗಳು ನೋಡುವ ಬಗೆಯಾದರೆ ಶಾಖೆಗಳು ಕೆಲಸದ ಕ್ಷೇತ್ರಗಳು. ಕಲಿಕೆಯ ತೊಡಕುಗಳನ್ನು ಶೈಕ್ಷಣಿಕ ಮನೋವಿಜ್ಞಾನ, ವಯಸ್ಸಿಗೆ ತಕ್ಕ ಬದಲಾವಣೆಗಳನ್ನು ವಿಕಾಸ ಮನೋವಿಜ್ಞಾನ, ಗುಂಪಿನ ನಡವಳಿಕೆಯನ್ನು ಸಾಮಾಜಿಕ ಮನೋವಿಜ್ಞಾನ ಅಧ್ಯಯನ ಮಾಡುತ್ತವೆ. ಕಾರ್ಖಾನೆ, ಕಚೇರಿಗಳಲ್ಲಿ ಔದ್ಯೋಗಿಕ ಮನೋವಿಜ್ಞಾನಕ್ಕೂ ಮಾನಸಿಕ ತೊಂದರೆಗಳ ಪರೀಕ್ಷೆ ಮತ್ತು ಚಿಕಿತ್ಸೆಯಲ್ಲಿ ಚಿಕಿತ್ಸಾ ಮನೋವಿಜ್ಞಾನಕ್ಕೂ ಬೇಡಿಕೆಯಿದೆ.

ಯಾರ ಬಳಿ ಹೋಗಬೇಕು?

ಗೊಂದಲ ಹೆಚ್ಚಾಗಿ ಉಂಟಾಗುವುದು ಇಲ್ಲಿಯೇ. ಮನೋವೈದ್ಯರು ವೈದ್ಯಕೀಯ ಪದವಿ ಪಡೆದ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ತಜ್ಞತೆ ಗಳಿಸಿದವರು, ಔಷಧ ಬರೆಯಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳು ಮಾನಸಿಕ ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ನೀಡುವವರು. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ವಿದ್ಯಾರ್ಹತೆ ಇದೆಯೇ ಎಂದು ವಿಚಾರಿಸುವ ಹಕ್ಕು ರೋಗಿಗೆ ಇದೆ. ದೈನಂದಿನ ಒತ್ತಡ, ಓದು, ಸಂಬಂಧಗಳ ಸಮಸ್ಯೆಗೆ ಆಪ್ತಸಮಾಲೋಚಕರು ನೆರವಾಗುತ್ತಾರೆ. ಹಲವು ಸಂದರ್ಭಗಳಲ್ಲಿ ಔಷಧ ಮತ್ತು ಮಾತು ಎರಡೂ ಬೇಕಾಗುತ್ತವೆ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಯ ಬಗೆಗೆ ಅನುಗುಣವಾಗಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. ಲಜ್ಜೆ ಮತ್ತು ಅಜ್ಞಾನ ಇದಕ್ಕೆ ಕಾರಣಗಳಲ್ಲಿ ಸೇರಿವೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ-ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಿದ್ರೆ, ಊಟ, ಓದು ಎರಡು ವಾರ ಕಳೆದರೂ ಹಳಿಗೆ ಬಾರದಿದ್ದರೆ ತಜ್ಞರನ್ನು ಕಾಣುವುದು ಲೇಸು. ಬದುಕು ಬೇಡವೆಂಬ ಮಾತು ಒಮ್ಮೆ ಕೇಳಿಬಂದರೂ ಕಾಯಕೂಡದು. ಪರೀಕ್ಷೆಗೆ ಹೆದರಿದ ಆ ವಿದ್ಯಾರ್ಥಿನಿಯ ವಿಷಯದಲ್ಲಿ ಯಾವ ಪಂಥವೂ ‘ಸೋಮಾರಿ’ ಎಂಬ ತೀರ್ಪು ನೀಡುವುದಿಲ್ಲ. ಮನೆಯವರೂ ಆ ತೀರ್ಪಿಗೆ ಮುನ್ನ ‘ಏನಾಗುತ್ತಿದೆ ಹೇಳು’ ಎಂದು ಕೇಳಿದರೆ ಚಿಕಿತ್ಸೆಯ ಮೊದಲ ಹೆಜ್ಜೆ ಅಲ್ಲಿಯೇ ಆರಂಭವಾಗುತ್ತದೆ.