ಗೂಡಲೂರಿನ ರಕ್ತದೋಷವೂ ಪುಟ್ಟ ಆರ್.ಎನ್.ಎ.ಯೂ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ತೆಪ್ಪಕಾಡು. ಅಲ್ಲಿಂದ ಒಂದು ದಾರಿ ಮಸಿನಗುಡಿಯ ಮೂಲಕ ಊಟಿಯ ಘಾಟಿ ಏರುತ್ತದೆ. ಇನ್ನೊಂದು ಗೂಡಲೂರಿಗೆ ಹೋಗುತ್ತದೆ. ಊಟಿಗೆ ಪ್ರವಾಸ ಹೋಗುವ ನಾವು ಹೂದೋಟ, ಸರೋವರ ನೋಡಿ ಮರಳುತ್ತೇವೆ. ಆದರೆ ಈ ಸೀಮೆಯ ಕಾಡಂಚಿನಲ್ಲಿ ಬಾಳುವ ಗಿರಿಜನರ ರಕ್ತದಲ್ಲಿ ಒಂದು ದೋಷ ತಲೆಮಾರುಗಳಿಂದ ಹರಿದುಬರುತ್ತಿದೆ ಎಂಬುದನ್ನು ಬಲ್ಲವರು ನಮ್ಮಲ್ಲಿ ಕಡಿಮೆ.

1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಗಿರಿಜನರ ರಕ್ತದಲ್ಲಿ ಕುಡುಗೋಲು ಕಣ ದೋಷವನ್ನು ಗುರುತಿಸಿದರು. ಭಾರತದಲ್ಲಿ ಈ ದೋಷ ಮೊದಮೊದಲು ಬೆಳಕಿಗೆ ಬಂದುದು ಹೀಗೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅದರಿಂದ ಕೈಕಾಲುಗಳಲ್ಲಿ ತಾಳಲಾರದ ನೋವು, ರಕ್ತಹೀನತೆ, ಮೇಲಿಂದ ಮೇಲೆ ಜ್ವರ. ಇಷ್ಟಕ್ಕೂ ಕಾರಣ, ಹಿಮೋಗ್ಲೋಬಿನ್ ತಯಾರಿಸುವ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ತಪ್ಪು! ತಪ್ಪು ತಾಯಿತಂದೆ ಇಬ್ಬರಿಂದಲೂ ಬಂದರೆ ರೋಗ. ಒಬ್ಬರಿಂದ ಮಾತ್ರ ಬಂದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಮೇಲಾಗಿ ಮಲೇರಿಯದ ಉಗ್ರತೆಯಿಂದ ಅವರಿಗೆ ರಕ್ಷಣೆಯೂ ಉಂಟು. ಮಲೇರಿಯದ ಬೀಡಾಗಿದ್ದ ಕಾಡಿನ ತಪ್ಪಲಲ್ಲಿ ಈ ದೋಷ ಅಳಿಯದೆ ಉಳಿದುದರ ಗುಟ್ಟು ಇದೇ.

ಇಲ್ಲೊಂದು ವಿಚಿತ್ರವಿದೆ. ಈ ರೋಗವುಳ್ಳ ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ನೋವು ತೊಡಗುವುದು ಕೆಲವು ತಿಂಗಳು ಕಳೆದ ಮೇಲೆ. ಏಕೆಂದರೆ ಗರ್ಭದಲ್ಲಿರುವ ಶಿಶುವಿಗೆ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇದೆ. ಅದರ ವಂಶವಾಹಿಯಲ್ಲಿ ಈ ತಪ್ಪಿಲ್ಲ. ಹುಟ್ಟಿದ ಮೇಲೆ ಆ ವಂಶವಾಹಿ ಕ್ರಮೇಣ ಮೌನವಾಗುತ್ತದೆ. ಅದು ದೇಹದಿಂದ ಹೋಗಿರುವುದಿಲ್ಲ, ಬಿ.ಸಿ.ಎಲ್. 11ಎ ಎಂಬ ಸಸಾರಜನಕ ಅದರ ಬಾಯಿ ಕಟ್ಟಿರುತ್ತದೆ. ಆ ಕಟ್ಟನ್ನು ಬಿಚ್ಚಲು ಸಾಧ್ಯವೇ?

ಮೂಲ ದಾಖಲೆ, ನಕಲು ಪ್ರತಿ

ಸಾಧ್ಯ ಎನ್ನುತ್ತದೆ ವಿಜ್ಞಾನ. ಅದಕ್ಕೆ ಒದಗಿದ ಉಪಾಯಗಳಲ್ಲಿ ಒಂದು ಪುಟ್ಟ ಆರ್.ಎನ್.ಎ. ವಂಶವಾಹಿಯನ್ನು ಕಚೇರಿಯ ಕಪಾಟಿನಲ್ಲಿರುವ ಮೂಲ ದಾಖಲೆ ಎಂದುಕೊಳ್ಳೋಣ. ಮೂಲ ದಾಖಲೆ ಹೊರಗೆ ಹೋಗುವುದಿಲ್ಲ. ಅದರ ನಕಲು ಹೋಗುತ್ತದೆ. ಈ ನಕಲೇ ದೂತ ಆರ್.ಎನ್.ಎ. ಅದನ್ನು ಓದಿ ಜೀವಕೋಶ ಸಸಾರಜನಕ ತಯಾರಿಸುತ್ತದೆ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಪುಟ್ಟ ಆರ್.ಎನ್.ಎ., ತನಗೆ ಹೊಂದುವ ನಕಲನ್ನು ಹುಡುಕಿ ಅಂಟಿಕೊಳ್ಳುತ್ತದೆ. ಜತೆಗಿರುವ ಸಸಾರಜನಕ ಆ ನಕಲನ್ನು ತುಂಡರಿಸುತ್ತದೆ, ಇಲ್ಲವೇ ಓದಲು ಬಿಡುವುದಿಲ್ಲ. ಮೂಲ ದಾಖಲೆಗೆ ಏನೂ ಆಗಿಲ್ಲ. ಆದರೆ ನಕಲು ಕೈಸೇರದೆ ಕೆಲಸ ನಿಂತಿತು. ಸರಕಾರಿ ಕಚೇರಿಗೆ ಅಲೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ!

ಈ ಸಂಗತಿಯ ಸುಳಿವು ಕೊಟ್ಟುದು ಊಟಿಯ ತೋಟಗಳಲ್ಲೂ ಅರಳುವ ಪೆಟೂನಿಯ ಹೂವು. ಅದರ ನೇರಳೆ ಬಣ್ಣವನ್ನು ಗಾಢವಾಗಿಸಲೆಂದು ಅಮೆರಿಕದ ವಿಜ್ಞಾನಿಗಳು ಬಣ್ಣದ ವಂಶವಾಹಿಯ ಇನ್ನೊಂದು ಪ್ರತಿ ಸೇರಿಸಿದರು. ಹಲವು ಗಿಡಗಳಲ್ಲಿ ಅರಳಿದ್ದು ಬಿಳಿ ಹೂ! ಇದು 1990ರ ವರದಿ. 1993ರಲ್ಲಿ ಆಂಬ್ರೋಸ್ ಮತ್ತು ರವ್ಕುನ್, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ವಂಶವಾಹಿಯನ್ನು ಹತೋಟಿಯಲ್ಲಿಡುವ ಪುಟ್ಟ ಆರ್.ಎನ್.ಎ.ಯನ್ನು ಕಂಡರು. ಅದೇ ಜಾತಿಯ ಹುಳುವಿಗೆ ಜೋಡಿ ಎಳೆಯ ಆರ್.ಎನ್.ಎ. ಚುಚ್ಚಿ, ಬೇಕಾದ ವಂಶವಾಹಿಯನ್ನು ಮೌನವಾಗಿಸಬಹುದೆಂದು 1998ರಲ್ಲಿ ಫೈರ್ ಮತ್ತು ಮೆಲ್ಲೊ ತೋರಿಸಿದರು. ಫೈರ್ ಮತ್ತು ಮೆಲ್ಲೊ 2006ರಲ್ಲಿ, ಆಂಬ್ರೋಸ್ ಮತ್ತು ರವ್ಕುನ್ 2024ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಬಾಯಿ ಕಟ್ಟುವವನ ಬಾಯಿ

ಬೋಸ್ಟನ್ ನಗರದ ವೈದ್ಯರು ಈ ಉಪಾಯವನ್ನು ಕುಡುಗೋಲು ಕಣ ರೋಗಕ್ಕೆ ಪ್ರಯೋಗಿಸಿದರು. ರೋಗಿಯ ರಕ್ತ ಉತ್ಪಾದಿಸುವ ಮೂಲಕೋಶಗಳನ್ನು ಹೊರತೆಗೆದು, ಬಿ.ಸಿ.ಎಲ್. 11ಎ ನಕಲುಗಳನ್ನು ನಾಶಮಾಡುವ ಪುಟ್ಟ ಆರ್.ಎನ್.ಎ. ಅವುಗಳಲ್ಲೇ ತಯಾರಾಗುವಂತೆ ಮಾಡಿ, ಮರಳಿ ದೇಹಕ್ಕೆ ಸೇರಿಸಿದರು. ಬಾಯಿ ಕಟ್ಟುವವನ ಬಾಯಿಯನ್ನೇ ಕಟ್ಟಿದಂತಾಯಿತು. ಆರು ರೋಗಿಗಳ ಮೊದಲ ವರದಿ 2020ರ ಕೊನೆಗೆ ಪ್ರಕಟವಾಯಿತು: ಶಿಶುವಿನ ಹಿಮೋಗ್ಲೋಬಿನ್ ಅವರಲ್ಲಿ ಮತ್ತೆ ತಯಾರಾಗತೊಡಗಿತ್ತು. ಇದೇ ಗುರಿಗಾಗಿ ವಂಶವಾಹಿಯನ್ನೇ ಕತ್ತರಿಸಿ ತಿದ್ದುವ ಇನ್ನೊಂದು ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರು!

ಚಹಾ ತೋಟದ ದಿನಗೂಲಿಯಲ್ಲಿ ಬಾಳುವ ಸಂಸಾರಕ್ಕೆ ಇದು ಗಗನಕುಸುಮ. ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಶಿಶುವಿನ ಹಿಮೋಗ್ಲೋಬಿನನ್ನು ಒಂದಿಷ್ಟು ಹೆಚ್ಚಿಸುವ ಹೈಡ್ರಾಕ್ಸಿಯೂರಿಯ ಎಂಬ ಮಾತ್ರೆಯುಂಟು. ಅದನ್ನು ವೈದ್ಯರ ಉಸ್ತುವಾರಿಯಲ್ಲೇ ಸೇವಿಸಬೇಕು. ಗೂಡಲೂರಿನಲ್ಲಿ 1990ರಿಂದ ನಡೆಯುತ್ತಿರುವ ‘ಅಶ್ವಿನಿ’ ಸಂಸ್ಥೆಯ ಆದಿವಾಸಿ ಆಸ್ಪತ್ರೆ ಇಂಥ ರೋಗಿಗಳನ್ನು ನೋಡಿಕೊಳ್ಳುತ್ತಿದೆ. ಕೇಂದ್ರ ಸರಕಾರ 2023ರ ಜುಲೈ 1ರಂದು ಆರಂಭಿಸಿದ ರಾಷ್ಟ್ರೀಯ ಯೋಜನೆಯು ರೋಗವಿರುವ ಪ್ರದೇಶಗಳಲ್ಲಿ 40 ವರ್ಷದವರೆಗಿನವರ ರಕ್ತಪರೀಕ್ಷೆಯ ಗುರಿ ಇಟ್ಟುಕೊಂಡಿದೆ.

ಕೇರಳದ ವಯನಾಡಿನಲ್ಲೂ ಈ ದೋಷವಿದೆ. ಗಂಡು ಹೆಣ್ಣು ಇಬ್ಬರೂ ದೋಷದ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಮದುವೆಗೆ ಮುಂಚೆಯೇ ರಕ್ತ ತೋರಿಸಿದರೆ ಇದು ತಿಳಿಯುತ್ತದೆ. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಆ ಕಡೆಗಳಲ್ಲಿ ಶಾಲೆಯಲ್ಲೋ ತೋಟದಲ್ಲೋ ದುಡಿಯುವ ನಮ್ಮ ಓದುಗರಲ್ಲಿ ಒಂದು ವಿನಂತಿ: ಕೈಕಾಲು ನೋವೆಂದು ಮೇಲಿಂದ ಮೇಲೆ ಅಳುವ ಮಗುವನ್ನು ಕಂಡರೆ, ಸೋಮಾರಿಯೆಂದು ಗದರದೆ, ರಕ್ತಪರೀಕ್ಷೆಗೆ ಕಳುಹಿಸಿ.