ವಾದ್ಯವಿಲ್ಲದ ಮನೆಯಲ್ಲಿ ವಾದ್ಯವೃಂದ

ಸಂಗೀತ ರಚಿಸಬೇಕೆಂಬ ಹಂಬಲ ಅನೇಕರಿಗುಂಟು. ಆದರೆ ವೀಣೆಗೆ, ಪಿಟೀಲಿಗೆ ವರ್ಷಗಟ್ಟಲೆ ಸಾಧನೆ ಬೇಕು. ವಾದ್ಯವೃಂದವನ್ನು ಕೂಡಿಸುವುದಕ್ಕೆ ಹಣ ಬೇಕು. ಹೀಗಾಗಿ ಮನಸ್ಸಿನಲ್ಲಿ ಮೂಡಿದ ಮಟ್ಟು ಮನಸ್ಸಿನಲ್ಲಿಯೇ ಅಡಗಿಹೋಗುವುದುಂಟು. ಈಗ ಮನೆಯಲ್ಲಿರುವ ಸಾಧಾರಣ ಗಣಕಯಂತ್ರವೇ ಆ ಮಟ್ಟನ್ನು ನುಡಿಸಿ ಕೇಳಿಸಬಲ್ಲದು. ಅದಕ್ಕೆ ಬೇಕಾದ ತಂತ್ರಾಂಶವೂ ಉಚಿತವಾಗಿ ದೊರೆಯುತ್ತದೆ. ಈ ಸೌಕರ್ಯಕ್ಕೆಲ್ಲ ಆಧಾರವಾದುದು ‘ಮಿಡಿ’ ಎಂಬ ಸಂಕೇತಪದ್ಧತಿ. ತಂತಿಯನ್ನು ಮಿಡಿಯುವುದೆಂಬ ನಮ್ಮ ಮಾತಿಗೂ ಈ ಇಂಗ್ಲಿಷ್ ಹೆಸರಿಗೂ ಸಂಬಂಧವಿಲ್ಲ. ಆದರೂ ಹೆಸರು ಕೆಲಸಕ್ಕೆ ಒಪ್ಪುವಂತಿದೆ.

ಪ್ರತಿಸ್ಪರ್ಧಿಗಳ ಒಪ್ಪಂದ

ಒಂದು ಕಾಲದಲ್ಲಿ ಒಬ್ಬರು ತಯಾರಿಸಿದ ವಿದ್ಯುತ್ ವಾದ್ಯದ ಭಾಷೆ ಮತ್ತೊಬ್ಬರ ವಾದ್ಯಕ್ಕೆ ತಿಳಿಯುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿ ಮೊದಲಾದವರು ಇದಕ್ಕೊಂದು ಪರಿಹಾರ ಹುಡುಕಿದರು. ೧೯೮೩ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ವಾದ್ಯ ಪ್ರದರ್ಶನವೊಂದರಲ್ಲಿ ಇಬ್ಬರು ಪ್ರತಿಸ್ಪರ್ಧಿಗಳ ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಲಾಯಿತು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು! ಈ ಪದ್ಧತಿಯನ್ನು ಬಳಸುವವರಿಂದ ಅವರು ರಾಜಧನವನ್ನು ಕೇಳಲಿಲ್ಲ. ಆ ಔದಾರ್ಯದಿಂದಲೇ ಅದು ಲೋಕದಲ್ಲೆಲ್ಲ ಹರಡಿತು. ೨೦೧೩ರಲ್ಲಿ ಈ ಇಬ್ಬರಿಗೂ ತಾಂತ್ರಿಕ ಸೇವೆಗಾಗಿ ಗ್ರ್ಯಾಮಿ ಗೌರವ ಸಂದಿತು.

ಮಿಡಿಯಲ್ಲಿ ನಾದವಿಲ್ಲವೆಂಬುದೇ ಅದರ ವೈಶಿಷ್ಟ್ಯ. ಅದರಲ್ಲಿರುವುದು ಅಪ್ಪಣೆಗಳು ಮಾತ್ರ: ಯಾವ ಸ್ವರ, ಎಷ್ಟು ಬಲ, ಯಾವಾಗ ಆರಂಭ, ಯಾವಾಗ ನಿಲುಗಡೆ. ಸ್ವರಲಿಪಿಯ ಹಾಳೆ ಹೇಗೆ ಹಾಡಲಾರದೋ ಹಾಗೆಯೇ ಇದೂ ಸಹ. ಹಾಡುವ ಕೆಲಸ ಗಣಕಯಂತ್ರದ್ದು. ಮೂರು ನಿಮಿಷದ ಧ್ವನಿಮುದ್ರಣ ಸಿ.ಡಿ.ಯಲ್ಲಿ ಸುಮಾರು ೩೦ ಮೆಗಾಬೈಟ್ ಜಾಗ ಬೇಡಿದರೆ, ಅದೇ ರಚನೆಯ ಮಿಡಿ ಕಡತಕ್ಕೆ ಕೆಲವು ಹತ್ತು ಕಿಲೋಬೈಟುಗಳು ಸಾಕು. ಇನ್ನೂ ದೊಡ್ಡ ಲಾಭವೆಂದರೆ, ತಪ್ಪಿದ ಒಂದು ಸ್ವರವನ್ನು ಮಾತ್ರ ತಿದ್ದಿ ಉಳಿದುದನ್ನು ಹಾಗೆಯೇ ಇಟ್ಟುಕೊಳ್ಳಬಹುದು.

ಮೊದಲ ಪಾಠ

ಪಾಶ್ಚಾತ್ಯ ಸ್ವರಲಿಪಿ ಬಲ್ಲವರಿಗೆ ‘ಮ್ಯೂಸ್‌ಸ್ಕೋರ್’ ಅನುಕೂಲ. ಅದನ್ನು ಅರಿಯದವರಿಗೆ ‘ಎಲ್‌ಎಂಎಂಎಸ್’ ಸುಲಭ. ಇದರಲ್ಲಿ ಎಡಕ್ಕೆ ಪಿಯಾನೋ ಮನೆಗಳು, ಬಲಕ್ಕೆ ಚೌಕಳಿಯ ಹಾಳೆ ಕಾಣುತ್ತವೆ. ಮೇಲೆ ಹೋದಂತೆ ಸ್ವರ ಏರುತ್ತದೆ. ಬಲಕ್ಕೆ ಸರಿದಂತೆ ಕಾಲ ಮುಂದುವರಿಯುತ್ತದೆ. ಬೇಕಾದ ಚೌಕದಲ್ಲಿ ಗುಂಡಿ ಒತ್ತಿದರೆ ಸ್ವರ ಕೂಡುತ್ತದೆ.

ಪುರಂದರದಾಸರು ಹಾಕಿಕೊಟ್ಟರೆಂದು ಪ್ರತೀತಿಯಿರುವ ಮಾಯಾಮಾಳವಗೌಳದ ಸರಳೆ ವರಸೆಯೇ ಇಲ್ಲಿಯೂ ಒಳ್ಳೆಯ ಆರಂಭ. ಮಿಡಿಯಲ್ಲಿ ಪ್ರತಿ ಮನೆಗೂ ಒಂದು ಸಂಖ್ಯೆಯುಂಟು. ೬೦ನ್ನು ಷಡ್ಜವೆಂದಿಟ್ಟುಕೊಂಡರೆ, ಆರೋಹಣ ೬೦, ೬೧, ೬೪, ೬೫, ೬೭, ೬೮, ೭೧, ೭೨ ಎಂದಾಗುತ್ತದೆ. ಅಕ್ಷರಕ್ಕೊಂದರಂತೆ ಎಂಟು ಸ್ವರಗಳು; ಆದಿತಾಳದ ಒಂದು ಆವರ್ತ ತುಂಬಿತು. ಅವರೋಹಣಕ್ಕೆ ಇನ್ನೊಂದು ಆವರ್ತ. ಎರಡನೆಯ ಸಾಲಿನಲ್ಲಿ ಮಂದ್ರದ ಷಡ್ಜ ಪಂಚಮಗಳನ್ನು ಉದ್ದವಾಗಿ ಎಳೆದರೆ ಶ್ರುತಿಯೂ ಸಿದ್ಧ.

ವಾದ್ಯದ ದನಿಗೆ ‘ಸೌಂಡ್‌ಫಾಂಟ್’ ಎಂಬ ಉಚಿತ ನಾದಭಂಡಾರಗಳಿವೆ. ೧೯೯೧ರಲ್ಲಿ ಗೊತ್ತುಪಡಿಸಿದ ೧೨೮ ವಾದ್ಯಗಳ ಪಟ್ಟಿಯಲ್ಲಿ ೧೦೫ನೆಯದು ಸಿತಾರ್, ೧೧೨ನೆಯದು ಶಹನಾಯಿ. ವೀಣೆಗೆ ಅಲ್ಲಿ ಸ್ಥಾನ ದೊರೆತಿಲ್ಲ.

ಗಮಕದ ಪ್ರಶ್ನೆ

ಇಷ್ಟಾದ ಮೇಲೆ ಕೇಳಿದರೆ ಸ್ವರಗಳು ಸರಿಯಾಗಿಯೇ ಇರುತ್ತವೆ, ರಾಗ ಮಾತ್ರ ಬಾಡಿರುತ್ತದೆ. ಕಾರಣ ಸ್ಪಷ್ಟ: ನಮ್ಮ ಸಂಗೀತದ ಜೀವ ಸ್ವರದ ಮನೆಯಲ್ಲಿ ಮಾತ್ರವಲ್ಲ, ಮನೆಯಿಂದ ಮನೆಗೆ ಸಾಗುವ ದಾರಿಯಲ್ಲಿಯೂ ಇದೆ. ಮಿಡಿಯಲ್ಲಿ ಸ್ವರವನ್ನು ಬಾಗಿಸುವ ಅಪ್ಪಣೆಯೊಂದುಂಟು. ಅದಕ್ಕೆ ೧೬,೩೮೪ ಸೂಕ್ಷ್ಮ ಹೆಜ್ಜೆಗಳು. ಇದರಿಂದ ಜಾರು, ಕಂಪಿತಗಳನ್ನು ಗೆರೆ ಎಳೆದು ಮೂಡಿಸಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ. ಈ ಅಪ್ಪಣೆ ಒಂದು ಸಾಲಿನ ಎಲ್ಲ ಸ್ವರಗಳಿಗೂ ಒಟ್ಟಿಗೆ ಅನ್ವಯಿಸುತ್ತದೆ. ಹಾಡನ್ನೂ ಶ್ರುತಿಯನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಗಮಕದೊಡನೆ ಶ್ರುತಿಯೂ ಅಲುಗಾಡೀತು!

ಎಷ್ಟು ಬಾಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಯಂತ್ರ ಹೇಳಿಕೊಡಲಾರದು. ಅದಕ್ಕೆ ಹಿರಿಯ ವಿದ್ವಾಂಸರ ಸಂಗೀತವನ್ನು ಕಿವಿಗೊಟ್ಟು ಕೇಳಬೇಕು, ಕೇಳಿದುದನ್ನು ಗೆರೆಯಲ್ಲಿ ತಿದ್ದಿ ತಿದ್ದಿ ನೋಡಬೇಕು. ಕೈಗೆ ವಾದ್ಯ ಸಿಗದವರಿಗೆ ಈ ತಿದ್ದುವಿಕೆಯೇ ಸಾಧನೆ. ಹಾಡುತ್ತ ಹಾಡುತ್ತ ರಾಗವೆಂಬ ಗಾದೆ ಯಂತ್ರದ ಮುಂದೆ ಕುಳಿತವರಿಗೂ ಸಲ್ಲುತ್ತದೆ.