ಕಡಲಿಲ್ಲದ ಪಟ್ಟಣದ ಕಡಲ ಕಚೇರಿ

ಶ್ರೀರಂಗಪಟ್ಟಣದಲ್ಲಿ ಕಾವೇರಿ ಇದೆ, ಕಡಲಿಲ್ಲ. ಮಂಗಳೂರಿನ ಬಂದರಕ್ಕೆ ಇಲ್ಲಿಂದ ಘಟ್ಟ ಇಳಿದು ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಹಾಗಿದ್ದರೂ ಒಂದು ನೌಕಾದಳಕ್ಕೆ ಎಷ್ಟು ಹಡಗು ಬೇಕು, ಅದನ್ನು ನಡೆಸುವ ಅಧಿಕಾರಿಗಳು ಎಷ್ಟು ಮಂದಿ, ಯಾರ ಕೆಳಗೆ ಯಾರು ಎಂದು 1796ರಲ್ಲಿ ಹುಕುಂನಾಮೆ ಬರೆಸಿದ್ದು ಇದೇ ಪಟ್ಟಣದಿಂದ ರಾಜ್ಯ ಆಳುತ್ತಿದ್ದ ಟಿಪ್ಪು ಸುಲ್ತಾನ್.

ಪಾಂಡವಪುರ ತಾಲೂಕಿನ ಚಿನಕುರಳಿಯಲ್ಲಿ ಮದ್ರಸದ ಪಾಠ ಹೇಳುವ ನಮಗೆ ಪಟ್ಟಣ ಹತ್ತಿರ. ಮಂಗಳೂರು, ಉಳ್ಳಾಲ, ಬಂಟ್ವಾಳ ಕಡೆಯಿಂದ ಬರುವ ನಮ್ಮವರು ಗುಂಬಜ್‌ನಲ್ಲಿ ದುಆ ಮಾಡಿ, ಮಸ್ಜಿದೆ ಆಲಾ ನೋಡಿ, ದರಿಯಾ ದೌಲತ್ ಎದುರು ಫೋಟೋ ತೆಗೆದು ಹೊರಡುತ್ತಾರೆ. ಸುಲ್ತಾನರ ಖಡ್ಗದ ಮಾತಾಗುತ್ತದೆ, ರಾಕೆಟಿನ ಮಾತಾಗುತ್ತದೆ, ಹುಲಿಯ ಮಾತಾಗುತ್ತದೆ. ಅವರ ನೌಕಾ ಕಚೇರಿಯ ಮಾತು ಆಗುವುದಿಲ್ಲ. ದರಿಯಾ ದೌಲತ್ ಎಂಬ ಹೆಸರಿನಲ್ಲೇ ಕಡಲಿದೆ. ಪಾರಸಿಯಲ್ಲಿ ದರಿಯಾ ಎಂದರೆ ಕಡಲು, ದೌಲತ್ ಎಂದರೆ ಸಂಪತ್ತು. ಆ ಅರಮನೆ ಕಟ್ಟಿದ್ದು 1784ರಲ್ಲಿ. ಮಂಗಳೂರಿನ ಬೋಳೂರಿನಲ್ಲಿ ನದಿಬಾಯಿ ಕಾಯಲು ಸುಲ್ತಾನ್ ಬತ್ತೇರಿ ಕಟ್ಟಿದ್ದೂ ಅದೇ ವರ್ಷ ಎನ್ನುತ್ತಾರೆ.

ಈ ಹುಕುಂನಾಮೆ ಯಾಕೆ ಬೇಕಾಯಿತು ಎಂದು ತಿಳಿಯಲು ತಂದೆ ಹೈದರಾಲಿಯವರ ಕಾಲಕ್ಕೆ ಹೋಗಬೇಕು. 1763ರಲ್ಲಿ ಬಿದನೂರು ಗೆದ್ದ ಮೇಲೆ ಕರಾವಳಿ ಹೈದರರ ಕೈಗೆ ಬಂತು. ಕಡಲು ಬಂದ ಕೂಡಲೇ ಹಡಗೂ ಬೇಕೆಂದು ಅವರು ಹೊರಟರು. ಹಡಗು ಸಿಕ್ಕಿತು, ನಡೆಸುವ ವ್ಯವಸ್ಥೆ ಸಿಗಲಿಲ್ಲ. ಲತೀಫ್ ಅಲಿ ಬೇಗ್ ಎಂಬ ಕುದುರೆ ಸೈನ್ಯದ ಸರದಾರರನ್ನು ತಂದು ಹಡಗುಪಡೆಯ ತಲೆಯ ಮೇಲೆ ಕೂರಿಸಿದರು. ಆಯುಷ್ಯವನ್ನೆಲ್ಲ ನೀರಿನ ಮೇಲೆ ಕಳೆದ ಹಡಗಿನ ಕಪ್ತಾನರಿಗೆ ಇದು ಸಹಿಸಲಾಗಲಿಲ್ಲ. 1768ರಲ್ಲಿ ಮುಂಬಯಿಯಿಂದ ಇಂಗ್ಲಿಷರ ಹಡಗುಗಳು ಹೊನ್ನಾವರ, ಮಂಗಳೂರಿಗೆ ಬಂದಾಗ ಆ ಕಪ್ತಾನರು ಕಾದಾಡುವ ಬದಲು ಎದುರು ಪಕ್ಷಕ್ಕೆ ಸೇರಿಬಿಟ್ಟರು. ಬೇಗ್ ಅವರು ಶೂರರಲ್ಲ ಎಂದು ಯಾರೂ ಹೇಳಲಿಕ್ಕಿಲ್ಲ. ಕುದುರೆಯ ಮೇಲಿನ ಶೌರ್ಯ ಬೇರೆ, ಅಲೆಯ ಮೇಲಿನ ವಿದ್ಯೆ ಬೇರೆ. ಹೈದರರು ಮತ್ತೆ ಹಡಗು ಕಟ್ಟಿಸಿದರು. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿ ಅವನ್ನೂ ನಾಶ ಮಾಡಿದ.

ಟಿಪ್ಪು ಸುಲ್ತಾನರೂ ಮೊದಮೊದಲು ಕಡಲಿನಿಂದ ಪೆಟ್ಟು ತಿಂದವರೇ. 1786ರಲ್ಲಿ ತದಡಿ ಬಂದರದಿಂದ ನಾಲ್ಕು ಹಡಗುಗಳಲ್ಲಿ ಇಸ್ತಾಂಬುಲ್‌ಗೆ ರಾಯಭಾರಿಗಳನ್ನು ಕಳುಹಿಸಿದರು. ಹೋದವರಲ್ಲಿ ಬಹಳ ಮಂದಿ ರೋಗದಿಂದ ತೀರಿಹೋದರು, ಕೆಲವು ಹಡಗುಗಳು ವಾಪಸಾಗಲೇ ಇಲ್ಲ. ಮಸ್ಕತ್‌ನಲ್ಲಿ ಅವರದೊಂದು ವ್ಯಾಪಾರದ ಕೋಠಿ ಇತ್ತು. ಅಲ್ಲಿಯ ದಾರೋಗನಿಗೆ ಬರೆದು ಹಡಗು ಕಟ್ಟುವ ಕಸಬುದಾರರನ್ನೂ ತರಿಸಿಕೊಳ್ಳಲು ನೋಡಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. ಮಲಬಾರಿನ ಕರಾವಳಿ ಹೋಯಿತು. ಮಂಗಳೂರಿನಿಂದ ಕಾರವಾರದ ತನಕದ ಕೆನರಾ ಕರಾವಳಿ ಉಳಿಯಿತು. ಉಳಿದ ಅಷ್ಟನ್ನಾದರೂ ಕಾಪಾಡಿಕೊಳ್ಳಬೇಕಲ್ಲ? 1796ರ ಹುಕುಂನಾಮೆ ಬಂದದ್ದು ಆ ಸ್ಥಿತಿಯಲ್ಲಿ.

ಅದರಲ್ಲಿ ಏನಿತ್ತು ನೋಡೋಣ. ಒಟ್ಟು 40 ಹಡಗು ಕಟ್ಟಬೇಕು. ಅದರಲ್ಲಿ 20 ದೊಡ್ಡ ಯುದ್ಧದ ಹಡಗು, 20 ಅದಕ್ಕಿಂತ ಸಣ್ಣ, ವೇಗದ ಹಡಗು. ಕೆಲಸಕ್ಕೆ ಮೂರು ಕಚೇರಿ. ಒಂದು ಜಮಾಲಾಬಾದ್. ಇದು ಬೆಳ್ತಂಗಡಿಯ ಗಡಾಯಿಕಲ್ಲು ಅಲ್ಲ, ಮಂಗಳೂರಿಗೇ ಆಗ ಇಟ್ಟಿದ್ದ ಹೆಸರು. ಎರಡನೆಯದು ಹೊನ್ನಾವರ, ಕುಮಟಾ ಕಡೆಯ ವಾಜಿದಾಬಾದ್. ಮೂರನೆಯದು ಮಜೀದಾಬಾದ್, ಅಂದರೆ ಕಾರವಾರದ ಸದಾಶಿವಗಡ. ಮರ ಘಟ್ಟದಿಂದ ಇಳಿಯಬೇಕು. ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಬೇಕು. ನಮ್ಮ ಬೆಚ್ಚಗಿನ ಕಡಲಿನಲ್ಲಿ ಮರ ಕೊರೆಯುವ ಹುಳದ ಕಾಟ ಜಾಸ್ತಿ. ತಾಮ್ರ ಇದ್ದರೆ ಹುಳ ಹತ್ತುವುದಿಲ್ಲ, ಹಡಗು ಬಾಳಿಕೆ ಬರುತ್ತದೆ.

ಇನ್ನು ಅಧಿಕಾರಿಗಳು. ಮೇಲೆ 11 ಮಂದಿ ‘ಮೀರ್ ಯಮ್’. ಅವರ ಕೆಳಗೆ 30 ಮಂದಿ ‘ಮೀರ್ ಬಹರ್’. ಅರಬಿ ಓದಿದ ನಮ್ಮ ಮದ್ರಸದ ಮಕ್ಕಳಿಗೂ ಈ ಹೆಸರು ಅರ್ಥವಾಗುತ್ತದೆ. ಮೀರ್ ಎಂದರೆ ಅಮೀರ್, ಮುಖ್ಯಸ್ಥ. ಯಮ್ಮ್ ಎಂದರೂ ಕಡಲು, ಬಹರ್ ಎಂದರೂ ಕಡಲು. ಮೂಸಾ ನಬಿಯವರ (ಅ.ಸ.) ಚರಿತ್ರೆಯಲ್ಲಿ ಈ ಎರಡೂ ಪದಗಳು ಬರುತ್ತವೆ. ಇಂಗ್ಲಿಷಿನ ‘ಅಡ್ಮಿರಲ್’ ಎಂಬ ಪದದ ಬೇರೂ ಅರಬಿಯ ‘ಅಮೀರ್’ನಲ್ಲೇ ಇದೆ. ನಮ್ಮ ‘ಬ್ಯಾರಿ’ ಎಂಬ ಹೆಸರು ಕೂಡ ಬಹರ್‌ನಿಂದ ಬಂತು ಎನ್ನುವವರಿದ್ದಾರೆ. ಅಲ್ಲ, ತುಳುವಿನ ವ್ಯಾಪಾರದ ‘ಬ್ಯಾರ’ದಿಂದ ಬಂತು ಎನ್ನುವವರೂ ಇದ್ದಾರೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಮೀರ್ ಬಹರ್ ಹಡಗಿನ ಮೇಲಿನ ಅಧಿಕಾರಿ. ಮೀರ್ ಯಮ್‌ನ ಕೆಲಸ ಆಡಳಿತ: ಮರ ಬಂತೋ, ಹಡಗಿನ ಕೆಲಸ ಎಲ್ಲಿಗೆ ಬಂತು, ಸಂಬಳ ಹೋಯಿತೋ, ಲೆಕ್ಕ ಸರಿ ಇದೆಯೋ ಎಂದು ನೋಡಿಕೊಳ್ಳುವುದು. ಕಾದಾಡುವವನು ಒಬ್ಬ, ಅವನನ್ನು ಕಾದಾಡುವ ಸ್ಥಿತಿಯಲ್ಲಿ ಇಡುವವನು ಇನ್ನೊಬ್ಬ. ಇಬ್ಬರಿಗೂ ಹುದ್ದೆ, ಇಬ್ಬರಿಗೂ ಮರ್ಯಾದೆ. ತಂದೆಯ ಕಾಲದಲ್ಲಿ ಇಲ್ಲದ್ದನ್ನು ಮಗ ಕಾಗದದ ಮೇಲಾದರೂ ತಂದರು. ಕೈಗೂಡಲು ಕಾಲ ಉಳಿಯಲಿಲ್ಲ. 1799ರ ಮೇ 4ರಂದು ಪಟ್ಟಣ ಬಿತ್ತು, ಸುಲ್ತಾನರು ಶಹೀದರಾದರು. ಅವರ ಕಾಗದಪತ್ರಗಳು ಇಂಗ್ಲಿಷರ ಕೈ ಸೇರಿದವು. ಕರ್ನಲ್ ವಿಲಿಯಂ ಕಿರ್ಕ್‌ಪ್ಯಾಟ್ರಿಕ್ ಎಂಬ ಅಧಿಕಾರಿ ಅವರ ಪತ್ರಗಳನ್ನು ಅನುವಾದಿಸಿ 1811ರಲ್ಲಿ ಲಂಡನ್‌ನಲ್ಲಿ ಅಚ್ಚು ಹಾಕಿಸಿದ. ನೌಕಾ ಹುಕುಂನಾಮೆಯೂ ಆ ಪುಸ್ತಕದ ಕೊನೆಯಲ್ಲಿ ಸೇರಿದ್ದರಿಂದ ಇವತ್ತು ನಾವು ಇಷ್ಟು ಮಾತಾಡುತ್ತಿದ್ದೇವೆ.

ಈಗ ಸದಾಶಿವಗಡದಲ್ಲಿ ನಿಂತು ದಕ್ಷಿಣಕ್ಕೆ ನೋಡಿ. ಕಾಳಿ ನದಿ ದಾಟಿದರೆ ಕಾರವಾರ. ಅಲ್ಲಿಂದ ಸ್ವಲ್ಪ ಮುಂದೆ ಬಿಣಗಾ, ಅರಗಾ. ಅಲ್ಲಿ ಇವತ್ತು ಭಾರತೀಯ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ ಇದೆ. ಮುಂಬಯಿ ಬಂದರದಲ್ಲಿ ವ್ಯಾಪಾರದ ಹಡಗುಗಳ ನಡುವೆ ಯುದ್ಧದ ಹಡಗಿಗೆ ಜಾಗ ಸಾಲುವುದಿಲ್ಲ, ಘಟ್ಟ ಮತ್ತು ಕಡಲಿನ ನಡುವೆ ನೌಕಾಪಡೆಗೇ ಒಂದು ಬಂದರು ಬೇಕು ಎಂದು ಯೋಚಿಸಿದವರು 1982ರಿಂದ 1984ರ ತನಕ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್. ನಿವೃತ್ತಿಯ ನಂತರ ಅವರು ನ್ಯೂಜಿಲೆಂಡಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲಿ, 2011ರಲ್ಲಿ ತೀರಿಕೊಂಡರು. ಅವರ ಕಾಲದ ಯೋಚನೆಗೆ 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ದುಡ್ಡಿಲ್ಲದೆ ಕೆಲಸ ವರ್ಷಗಟ್ಟಲೆ ನಿಂತಿತು. 2005ರ ಮೇ 31ರಂದು ನೆಲೆ ನೌಕಾಪಡೆಗೆ ಸೇರಿತು.

ಒಬ್ಬ ಅಧಿಕಾರಿ ಯೋಚಿಸಿದ್ದು ನಿಜವಾಗುವಾಗ ಅವರು ನಿವೃತ್ತರಾಗಿ ಇಪ್ಪತ್ತು ವರ್ಷ ಕಳೆದಿತ್ತು. ನಡುವೆ ಎಷ್ಟೋ ಮುಖ್ಯಸ್ಥರು ಬಂದುಹೋದರು. ಫೈಲು ಕೈಯಿಂದ ಕೈಗೆ ಹೋಯಿತು, ಕಳೆದುಹೋಗಲಿಲ್ಲ. ಸುಲ್ತಾನರಿಗೆ ಸಿಗದೇ ಹೋದದ್ದು ಇದೇ, ಒಬ್ಬರ ನಂತರ ಕೆಲಸ ಮುಂದುವರಿಸುವ ಕಚೇರಿ. ಇದಕ್ಕೆ ಬೆಲೆ ತೆತ್ತವರನ್ನೂ ನಾವು ಮರೆಯಬಾರದು. ಈ ನೆಲೆಗಾಗಿ ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ದಡ ಬಿಟ್ಟು ಎದ್ದುಹೋದವು. ಪರಿಹಾರಕ್ಕಾಗಿ ವರ್ಷಾನುವರ್ಷ ಕೋರ್ಟು ಅಲೆದವು.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ಕಡಲು ದಾಟುವುದು ನಮಗೆ ಹೊಸತಲ್ಲ. ಮಂಜಿಯಲ್ಲಿ ಸರಕು ಹೇರಿದವರು ನಮ್ಮ ಹಿರಿಯರು. ಈಗಿನವರು ವೀಸಾ ತೆಗೆದು ಗಲ್ಫಿಗೆ ಹೋಗುತ್ತಾರೆ. ಜಿದ್ದಾದಲ್ಲಿ ಯಾವ ಕಂಪೆನಿ ಹೇಗೆ, ದುಬೈಯಲ್ಲಿ ಎಷ್ಟು ಸಂಬಳ ಎಂದು ಉಮ್ಮಂದಿರಿಗೂ ಗೊತ್ತು. ಆದರೆ ಮಂಗಳೂರಿನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆಯ ಪಯ್ಯನ್ನೂರಿನ ಹತ್ತಿರ, ಏಳಿಮಲೆಯಲ್ಲಿ, ನೌಕಾಪಡೆಯ ಅಧಿಕಾರಿಗಳನ್ನು ತಯಾರು ಮಾಡುವ ಭಾರತೀಯ ನೌಕಾ ಅಕಾಡೆಮಿ ಇದೆ, ಅದಕ್ಕೆ ಸೇರುವುದು ಹೇಗೆ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರ ಇಲ್ಲ. ಹುಡುಗನಿಗೆ ಇಪ್ಪತ್ತೊಂದಾದ ಮೇಲೆ ಕೇಳಿ ಬರುವವರಿದ್ದಾರೆ. ಅಷ್ಟೊತ್ತಿಗೆ ಮೊದಲ ಬಾಗಿಲು ಮುಚ್ಚಿರುತ್ತದೆ.

ಮೊದಲ ಬಾಗಿಲು ಎನ್‌ಡಿಎ ಪರೀಕ್ಷೆ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯ ಒಳಗೆ, ಮದುವೆ ಆಗಿರಬಾರದು. ನೌಕಾಪಡೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕೇ ಬೇಕು. ಕಾಮರ್ಸ್ ಓದಿದವನಿಗೆ ಭೂಸೇನೆ ಸಿಗಬಹುದು, ನೌಕೆ ಸಿಗದು. 2022ರಿಂದ ಹೆಣ್ಣುಮಕ್ಕಳೂ ಎನ್‌ಡಿಎ ಸೇರುತ್ತಿದ್ದಾರೆ. ಎರಡನೆಯದು ಜೆಇಇ ಮೇನ್ ರ‍್ಯಾಂಕಿನ ಮೇಲೆ ನೇರವಾಗಿ ಏಳಿಮಲೆಗೆ ಸೇರುವ ದಾರಿ. ನಾಲ್ಕು ವರ್ಷ ಓದಿ ಬಿ.ಟೆಕ್ ಪದವಿ, ಜೊತೆಗೆ ಅಧಿಕಾರಿಯ ಹುದ್ದೆ. ಖರ್ಚು ಸರ್ಕಾರದ್ದು. ಮೂರನೆಯದು ಇಂಜಿನಿಯರಿಂಗ್ ಮುಗಿಸಿದವರಿಗೆ ಸಿಡಿಎಸ್ ಪರೀಕ್ಷೆ. ಯಾವ ದಾರಿಯಲ್ಲಿ ಹೋದರೂ ಎಸ್‌ಎಸ್‌ಬಿ ಎಂಬ ಕೆಲವು ದಿನಗಳ ಸಂದರ್ಶನ ದಾಟಬೇಕು. ಅಲ್ಲಿ ನೋಡುವುದು ಅಂಕಪಟ್ಟಿಯನ್ನಲ್ಲ. ನಾಲ್ಕು ಜನರ ಜೊತೆ ಸೇರಿ ಕೆಲಸ ಮಾಡುತ್ತಾನಾ, ಹೆದರದೆ ಮಾತಾಡುತ್ತಾನಾ ಎಂದು.

ಸೇರಿದ ಮೇಲೆ ಸಬ್ ಲೆಫ್ಟಿನೆಂಟ್, ಲೆಫ್ಟಿನೆಂಟ್, ಲೆಫ್ಟಿನೆಂಟ್ ಕಮಾಂಡರ್, ಕಮಾಂಡರ್. ಇಲ್ಲಿಯ ತನಕ ಬಡ್ತಿ ಹೆಚ್ಚಾಗಿ ಸೇವೆಯ ವರ್ಷಗಳ ಮೇಲೆ. ಆಮೇಲೆ ಕ್ಯಾಪ್ಟನ್, ಕಮೋಡೋರ್, ರಿಯರ್ ಅಡ್ಮಿರಲ್, ವೈಸ್ ಅಡ್ಮಿರಲ್, ಕೊನೆಗೆ ಅಡ್ಮಿರಲ್. ಇದೆಲ್ಲ ಆಯ್ಕೆಯ ಮೇಲೆ. ಮೇಲೆ ಹೋದಂತೆ ಮೆಟ್ಟಿಲು ಇಕ್ಕಟ್ಟಾಗುತ್ತದೆ. ಹಡಗು ನಡೆಸಿದ ಅನುಭವ, ಓದು, ಮೇಲಧಿಕಾರಿಗಳ ವರದಿ ಎಲ್ಲ ಲೆಕ್ಕಕ್ಕೆ ಬರುತ್ತದೆ. ಕುದುರೆ ಸರದಾರರನ್ನು ತಂದು ಹಡಗಿನ ಮೇಲೆ ಕೂರಿಸುವ ಕ್ರಮ ಇಲ್ಲಿಲ್ಲ.

ಅಗ್ನಿವೀರ್ ವಿಷಯ ಬೇರೆ, ಅದನ್ನು ಸರಿಯಾಗಿ ತಿಳಿದುಕೊಂಡೇ ಹೆಜ್ಜೆ ಇಡಬೇಕು. ಅದು ನಾವಿಕನ ಕೆಲಸ, ಅಧಿಕಾರಿಯದ್ದಲ್ಲ. ಸೇವೆ ನಾಲ್ಕು ವರ್ಷ. ಅದರ ನಂತರ ನಾಲ್ವರಲ್ಲಿ ಒಬ್ಬನ ತನಕ ಮಾತ್ರ ಖಾಯಂ. ಉಳಿದವರು ಒಂದು ಮೊತ್ತ ಹಿಡಿದು ಮನೆಗೆ ಬರುತ್ತಾರೆ, ಪಿಂಚಣಿ ಇಲ್ಲ. ಮಗನನ್ನು ಕಳುಹಿಸುವ ಮನೆಯವರು ಐದನೆಯ ವರ್ಷದ ಬಗ್ಗೆ ಮೊದಲೇ ಮಾತಾಡಿಕೊಳ್ಳಲಿ.

ಸಮವಸ್ತ್ರ ಎಲ್ಲರಿಗೂ ಸಿಗುವುದಿಲ್ಲ. ಬಣ್ಣಗುರುಡು ಇದ್ದರೆ, ಎತ್ತರ ಕಡಿಮೆ ಇದ್ದರೆ, ದೃಷ್ಟಿ ಸಾಲದಿದ್ದರೆ ವೈದ್ಯಕೀಯ ಪರೀಕ್ಷೆಯಲ್ಲಿ ವಾಪಸು. ಅಂಥವರಿಗೆ ಸಿವಿಲ್ ಹುದ್ದೆಗಳಿವೆ, ಹಿಂದಿನ ಮೀರ್ ಯಮ್ ಕಚೇರಿಯ ಕೆಲಸದಂತೆ. ಕಾರವಾರದ ಹಡಗು ದುರಸ್ತಿ ಯಾರ್ಡಿನಲ್ಲಿ ಐಟಿಐ ಮುಗಿಸಿದ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತಾರೆ. ಚಾರ್ಜ್‌ಮನ್, ಟ್ರೇಡ್ಸ್‌ಮನ್ ಮೇಟ್, ಅಗ್ನಿಶಾಮಕ ಮುಂತಾದ ಹುದ್ದೆಗಳಿಗೆ ನೌಕಾಪಡೆಯೇ ಸಿವಿಲಿಯನ್ ಪ್ರವೇಶ ಪರೀಕ್ಷೆ ನಡೆಸುತ್ತದೆ. ಇಂಜಿನಿಯರುಗಳು ಯುಪಿಎಸ್‌ಸಿಯ ಇಂಜಿನಿಯರಿಂಗ್ ಸರ್ವೀಸಸ್ ಪರೀಕ್ಷೆ ಬರೆದು ನೌಕಾ ಶಸ್ತ್ರಾಸ್ತ್ರ ಸೇವೆಗೆ ಸೇರಿ ದೊಡ್ಡ ಅಧಿಕಾರಿ ಆಗಬಹುದು. ಇವರು ಇಲ್ಲದಿದ್ದರೆ ಯಾವ ಅಡ್ಮಿರಲ್‌ನ ಹಡಗೂ ದಡ ಬಿಡುವುದಿಲ್ಲ. ನಮ್ಮಲ್ಲಿ ವೆಲ್ಡಿಂಗ್ ಕಲಿತು ಸೀದಾ ಗಲ್ಫಿಗೆ ಹೋಗುವ ಹುಡುಗರು ಎಷ್ಟಿಲ್ಲ? ಅದೇ ಕೈಕಸುಬಿಗೆ ಇಲ್ಲಿಯೂ ಜಾಗ ಇದೆ ಎಂದು ಅವರಿಗೆ ಹೇಳುವವರು ಬೇಕು.

ಯಾವ ದಲ್ಲಾಳಿಗೂ ಇದಕ್ಕೆ ದುಡ್ಡು ಕೊಡಬೇಡಿ. ಅರ್ಜಿ ಕರೆಯುವುದು ಯುಪಿಎಸ್‌ಸಿ ಮತ್ತು ನೌಕಾಪಡೆ. ‘ಒಳಗಿನಿಂದ ಮಾಡಿಸಿಕೊಡುತ್ತೇನೆ’ ಎನ್ನುವವನು ಮೋಸಗಾರ. ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದ ಮಕ್ಕಳು ಎಂಟನೆಯ ತರಗತಿಯಿಂದಲೇ ಇಂಗ್ಲಿಷಿಗೆ ಕೈ ಹಾಕಬೇಕು. ಗಣಿತಕ್ಕೆ ಹೆದರಿ ಪಿಯುಸಿಯಲ್ಲಿ ವಿಷಯ ಬದಲಿಸುವ ಮೊದಲು ಒಮ್ಮೆ ಉಪನ್ಯಾಸಕರನ್ನು ಕೇಳಬೇಕು. ಮಹಲ್ಲಿನ ಜಮಾಅತಿನವರು ರಜೆಯಲ್ಲಿ ಇಪ್ಪತ್ತು ಮಕ್ಕಳನ್ನು ಬಸ್ಸಿನಲ್ಲಿ ಕಾರವಾರಕ್ಕೆ ಕರೆದುಕೊಂಡು ಹೋದರೂ ಸಾಕು. ಕಡಲ ದಡದಲ್ಲೇ ಐಎನ್‌ಎಸ್ ಚಪಲ್ ಎಂಬ ಹಳೆಯ ಯುದ್ಧನೌಕೆ ಮ್ಯೂಸಿಯಂ ಆಗಿ ನಿಂತಿದೆ. ಕಣ್ಣಾರೆ ಕಂಡದ್ದು ಮಕ್ಕಳ ತಲೆಯಲ್ಲಿ ಉಳಿಯುತ್ತದೆ.

ಈ ವರ್ಷ ಹತ್ತನೆಯ ತರಗತಿ ಮುಗಿಸುವ ಮಗುವಿರುವ ಮನೆಯವರು ಇವತ್ತೇ ಒಂದು ಕೆಲಸ ಮಾಡಿ. ಜನನ ಪ್ರಮಾಣಪತ್ರ ತೆಗೆದು, ಮಗುವಿಗೆ ಹದಿನಾರೂವರೆ ಆಗುವುದು ಯಾವತ್ತು, ಹತ್ತೊಂಬತ್ತೂವರೆ ತುಂಬುವುದು ಯಾವತ್ತು ಎಂದು ಲೆಕ್ಕ ಹಾಕಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.